ಕೆಬೆಕ್‌ಗೆ ಬೇಕಾದ ಫ್ರೆಂಚ್ ಸ್ಕೋರ್: ನಾನು ಎಲ್ಲಿ ಎಡವಿದೆ, ಹೆಂಗೆ ಸರಿ ಮಾಡ್ಕೊಂಡೆ

ಕೆನಡಾಕ್ಕೆ ವಲಸೆ ಅಂದ್ರೆ ಎಲ್ರೂ ಕೇಂದ್ರ ಸರ್ಕಾರದ ಎಕ್ಸ್‌ಪ್ರೆಸ್ ಎಂಟ್ರಿ ಅಂತಾರೆ, ಆದ್ರೆ ಅಲ್ಲಿನ ಫ್ರೆಂಚ್ ಮಾತಾಡೋ ಪ್ರಾಂತ್ಯ ಕೆಬೆಕ್ ತನಗೆ ಬೇಕಾದ ಸ್ಕಿಲ್ಡ್ ವರ್ಕರ್‌ಗಳನ್ನ ತಾನೇ ಆರಿಸ್ಕೊಳ್ಳುತ್ತೆ, ಮೊದಲು ಅರಿಮಾ ಅನ್ನೋ ಅವರ ವೆಬ್‌ಸೈಟಲ್ಲಿ ಪ್ರೊಫೈಲ್, ಕರೆ ಬಂದ್ರೆ ಸಿಎಸ್‌ಕ್ಯೂ ಅನ್ನೋ ಕೆಬೆಕ್‌ನ ಆಯ್ಕೆ ಪತ್ರಕ್ಕೆ ಅರ್ಜಿ, ಅದು ಕೈಗೆ ಸಿಕ್ಕಿದ್ಮೇಲೆನೇ ಫೆಡರಲ್ ಸರ್ಕಾರಕ್ಕೆ ಪಿಆರ್ (ಕಾಯಂ ವಾಸದ) ಅರ್ಜಿ. 2024ರ ಕೊನೆಗೆ ಬಂದ ಪಿಎಸ್‌ಟಿಕ್ಯೂ ಅನ್ನೋ ಸ್ಕಿಲ್ಡ್ ವರ್ಕರ್ ಆಯ್ಕೆ ಪ್ರೋಗ್ರಾಮ್‌ನಲ್ಲಿ ನನ್ನಂಥ ಸಾಫ್ಟ್‌ವೇರ್‌ನೋರಿಗೆ ಫ್ರೆಂಚ್ ಕೇಳೋದು-ಮಾತಾಡೋದ್ರಲ್ಲಿ ಕೆಬೆಕ್‌ನ ಲೆವೆಲ್ 7, ಅಂದ್ರೆ ಯುರೋಪಿನ ಭಾಷಾ ಮಟ್ಟದಲ್ಲಿ ಬಿ2 ಬೇಕು. ನಂದು ಎರಡರಲ್ಲೂ 6ಕ್ಕೆ ನಿಂತ್ಬಿಡ್ತು.

ಗ್ರಾಮರ್ ಪುಸ್ತಕ ಮುಗಿಸಿದ್ದೆ ಕಣ್ರೀ, ಸಮಸ್ಯೆ ಅಲ್ಲಿರ್ಲಿಲ್ಲ. ಆಡಿಯೋದಲ್ಲಿ 'ಕಾತ್ರ್ ವ್ಯಾಂ ದೂಜ್' ಅಂದ ತಕ್ಷಣ ನಾಲ್ಕು ಇಪ್ಪತ್ತು ಎಂಬತ್ತು, ಮೇಲೆ ಹನ್ನೆರಡು, ಓ 92 ಅಂತ ಲೆಕ್ಕ ಹಾಕೋಷ್ಟರಲ್ಲಿ ಮುಂದಿನ ಎರಡು ವಾಕ್ಯ ಹೋಗಿರ್ತಿತ್ತು! ಮಗ್ಗಿ ಬಾಯಿಪಾಠ ಮಾಡಿದ ಹಾಗೆ 70ರಿಂದ 99ರವರೆಗೆ ದಿನಾ ಪಾತ್ರೆ ತೊಳೀತಾ ಹೇಳ್ಕೊಂಡೆ, ಮೂರು ವಾರಕ್ಕೆ ಲೆಕ್ಕ ನಿಂತು ನೇರ ಸಂಖ್ಯೆನೇ ಕೇಳ್ಸೋಕೆ ಶುರುವಾಯ್ತು.

ಮಾತಾಡೋದು ಇನ್ನೂ ಕಷ್ಟ. ನಾನು ಬರೆದ ಫ್ರೆಂಚ್ ಪರೀಕ್ಷೆ ಟಿಸಿಎಫ್‌ನಲ್ಲಿ ಮಾತಾಡೋ ಭಾಗದ ಮೂರನೇ ಟಾಸ್ಕ್‌ಗೆ ತಯಾರಿ ಸಮಯನೇ ಇಲ್ಲ, ನಾಲ್ಕೂವರೆ ನಿಮಿಷ ಅಭಿಪ್ರಾಯ ಹೇಳ್ಬೇಕು. ಮಕ್ಕಳಿಗೆ ಫೋನ್ ಕೊಡಬೇಕಾ, ಮನೆಯಿಂದ ಕೆಲಸ ಒಳ್ಳೇದಾ ಅಂತ ದಿನಕ್ಕೊಂದು ವಿಷಯ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದ್ರೆ ನಾನು ಬರೀ 'ಅಲೋರ್, ಅಲೋರ್' ಅಂತಿದ್ದೆ, ನಮ್ಮ 'ಅದೂ... ಅದೂ...' ಇದ್ದ ಹಾಗೆ. ಅದನ್ನ ಬಿಟ್ಟು 'ಒಂದು ಕಡೆ, ಇನ್ನೊಂದು ಕಡೆ' ಅನ್ನೋಕೆ ಬೇಕಾದ ನಾಲ್ಕೈದು ಪದಗುಚ್ಛ ಹಿಡ್ಕೊಂಡೆ. ಎರಡನೇ ಸಲ ಎರಡೂ 7 ಬಂತು. ರಿಸಲ್ಟ್ ಎರಡು ವರ್ಷ ಅಷ್ಟೇ ನಡೆಯುತ್ತೆ, ಹಂಗಾಗಿ ಅದೇ ರಾತ್ರಿ ಅರಿಮಾ ಅಪ್‌ಡೇಟ್ ಮಾಡ್ದೆ.