ಹಳೆಯ ಎಲೆಕ್ಟ್ರಿಕ್ ಗಿಟಾರ್ ಎಲ್ಲಿಯದು, ಯಾವ ಮಾದರಿಯದು: ಗುರುತಿಸುವ ಬಗೆ

ಕೋಲಾರ ಜಿಲ್ಲೆಯಲ್ಲಿ, ಅದರಲ್ಲೂ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಕಡೆ, ಹಳೆಯ ಎಲೆಕ್ಟ್ರಿಕ್ ಗಿಟಾರುಗಳು ಆಗೊಮ್ಮೆ ಈಗೊಮ್ಮೆ ಮಾರಾಟಕ್ಕೆ ಬರುತ್ತವೆ. ಕೆಲವು ಆಂಗ್ಲೋ ಇಂಡಿಯನ್ ಮನೆಗಳಲ್ಲಿದ್ದವು, ಇನ್ನು ಕೆಲವು ಗಣೇಶೋತ್ಸವದ ಆರ್ಕೆಸ್ಟ್ರಾ ತಂಡಗಳಲ್ಲಿ ಕೈಯಿಂದ ಕೈಗೆ ದಾಟಿದವು. ಹೀಗೆ ದಾಟುವಾಗ ಒಂದರ ನೆಕ್ (ಉದ್ದನೆಯ ಕತ್ತು) ಇನ್ನೊಂದಕ್ಕೆ, ಒಂದರ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ) ಮತ್ತೊಂದಕ್ಕೆ ಸೇರಿರುವುದು ಸಾಮಾನ್ಯವಾದ್ದರಿಂದ, ನೆಕ್‌ನ ತುದಿಯ ಹೆಡ್‌ಸ್ಟಾಕ್ ಮೇಲಿನ ಹೆಸರನ್ನು ನಂಬಿ ಬೆಲೆ ಕಟ್ಟುವುದು ಸರಿಯಲ್ಲ. ಹೆಸರೆಂದರೆ ಹಲವು ವೇಳೆ ಒಂದು ತೆಳುವಾದ ಸ್ಟಿಕ್ಕರ್ ಅಷ್ಟೆ. ಬದಲಾಯಿಸಲು ಕಷ್ಟವಾದ ಭಾಗಗಳಿಂದ ಪರೀಕ್ಷೆ ಆರಂಭಿಸಿ ಹೆಸರನ್ನು ಕೊನೆಗೆ ನೋಡುವುದು ನಾನು ಅನುಸರಿಸುವ ಕ್ರಮ.

ಮೊದಲನೆಯದು ಅಳತೆ. ತಂತಿಗಳು ಕೂರುವ ನಟ್‌ನ ಒಳ ಅಂಚಿನಿಂದ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಾದ ಫ್ರೆಟ್‌ಗಳಲ್ಲಿ ಹನ್ನೆರಡನೆಯದರ ನಡುಭಾಗದವರೆಗೆ ಟೇಪು ಹಿಡಿಯಬೇಕು. 324 ಮಿಲಿಮೀಟರ್ ಬಂದರೆ ತಂತಿಯ ಪೂರ್ಣ ಉದ್ದ ಅದರ ಎರಡರಷ್ಟು, ಅಂದರೆ 25.5 ಇಂಚು, ಫೆಂಡರ್ ಸ್ಟ್ರಾಟೊಕಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್), ಟೆಲಿಕಾಸ್ಟರ್, ಯಮಾಹಾ ಪೆಸಿಫಿಕಾ, ಐಬನೇಜ್ ಆರ್‌ಜಿ ಇವೆಲ್ಲದರದ್ದೂ ಇದೇ ಅಳತೆ. 314ರ ಆಸುಪಾಸು ಬಂದರೆ 24.75 ಇಂಚು, ಅಂದರೆ ಗಿಬ್ಸನ್ ಮತ್ತು ಎಪಿಫೋನ್ ಲೆಸ್ ಪಾಲ್‌ಗಳ ಅಳತೆ. ಬಳಿಕ ಫ್ರೆಟ್‌ಗಳನ್ನು ಎಣಿಸಬೇಕು: ಸ್ಟ್ರಾಟ್‌ಗೆ 21 ಅಥವಾ 22, ಆರ್‌ಜಿಗೆ 24. ಲೆಸ್ ಪಾಲ್ ಆಕಾರದ ಗಿಟಾರಿನ ಬೆನ್ನಿನಲ್ಲಿ ನೆಕ್ ಹಿಡಿದಿರುವ ನಾಲ್ಕು ಸ್ಕ್ರೂಗಳು ಕಂಡರೆ ಅದನ್ನು ಗಿಬ್ಸನ್ ಎಂದು ಒಪ್ಪಬಾರದು, ಏಕೆಂದರೆ ಗಿಬ್ಸನ್ ಲೆಸ್ ಪಾಲ್‌ನ ನೆಕ್ ಅನ್ನು ಅಂಟಿನಿಂದ ಕೂರಿಸಿರುತ್ತಾರೆ. ಎಪಿಫೋನ್‌ನ ಅಗ್ಗದ ಮಾದರಿಗಳಲ್ಲಿ ಮಾತ್ರ ಸ್ಕ್ರೂ ಸಹಜ.

ಎರಡನೆಯದು ಸೀರಿಯಲ್ ನಂಬರ್. ಫೆಂಡರ್‌ನಲ್ಲಿ ಎನ್ ಅಕ್ಷರ 1990ರ ದಶಕದ, ಝಡ್ 2000ರ ದಶಕದ ಅಮೆರಿಕದ ತಯಾರಿಕೆಯನ್ನು ತಿಳಿಸುತ್ತದೆ. ಅದೇ ಅಕ್ಷರಗಳಿಗೆ ಮೊದಲು ಎಂ ಸೇರಿದ್ದರೆ (ಎಂಎನ್, ಎಂಝಡ್) ಗಿಟಾರ್ ಮೆಕ್ಸಿಕೊದ್ದು. 2010ರಿಂದ ಈಚಿನವಕ್ಕೆ ಯುಎಸ್ ಅಥವಾ ಎಂಎಕ್ಸ್ ಎಂದಿದ್ದು, ಪಕ್ಕದ ಎರಡು ಅಂಕಿಗಳು ವರ್ಷವನ್ನು ಸೂಚಿಸುತ್ತವೆ. ಐಸಿಎಸ್12 ಎಂದು ಆರಂಭವಾಗುವುದು ಇಂಡೋನೇಷ್ಯಾದ ಕಾರ್ಟ್ ಕಾರ್ಖಾನೆಯಲ್ಲಿ 2012ರಲ್ಲಿ ತಯಾರಾದ ಸ್ಕ್ವಾಯರ್, ಅಂದರೆ ಫೆಂಡರ್‌ನ ಅಗ್ಗದ ಬ್ರ್ಯಾಂಡ್. ಗಿಬ್ಸನ್‌ನಲ್ಲಿ 1977ರಿಂದ 2005ರವರೆಗೆ ಬಹುತೇಕ ಎಂಟು ಅಂಕಿಗಳಿವೆ: ಒಂದನೆಯ ಮತ್ತು ಐದನೆಯ ಅಂಕಿ ಸೇರಿ ವರ್ಷ, ನಡುವಿನ ಮೂರು ಆ ವರ್ಷದ ಎಷ್ಟನೆಯ ದಿನ ಎಂಬುದು. 91231357 ಎಂದಿದ್ದರೆ 1991ರ 123ನೆಯ ದಿನ, ಅಂದರೆ ಮೇ 3. ನಡುವಿನ ಸಂಖ್ಯೆ 366ನ್ನು ಮೀರಿದ್ದರೆ ಅಲ್ಲಿಗೇ ಅನುಮಾನಿಸಬಹುದು.

ಐಬನೇಜ್‌ನಲ್ಲಿ ಒಂದು ತೊಡಕಿದೆ. ಹೊಸ ಗಿಟಾರಿನ ಮೇಲಿನ ಎಫ್ ಅಕ್ಷರ ಜಪಾನಿನ ಫುಜಿಗೆನ್ ಕಾರ್ಖಾನೆಯನ್ನು ಸೂಚಿಸಿದರೆ, 1975ರಿಂದ 1980ರ ದಶಕದ ನಡುವಿನವರೆಗಿನ ಗಿಟಾರುಗಳಲ್ಲಿ ಅದೇ ಅಕ್ಷರ ತಿಂಗಳ ಸಂಕೇತ, ಅಂದರೆ ಎ ಜನವರಿಯಾದರೆ ಎಫ್ ಜೂನ್. ಐ ಅಕ್ಷರದ ನಂತರ 1504 ಇದ್ದರೆ ಅದು 2015ರ ಏಪ್ರಿಲ್‌ನ ಇಂಡೋನೇಷ್ಯಾ ತಯಾರಿಕೆ, ಇದರಲ್ಲಿ ಗೊಂದಲವಿಲ್ಲ.

ನಂಬರ್ ಕೂಡ ಮೋಸ ಮಾಡಬಲ್ಲದು. ರಾಬರ್ಟ್‌ಸನ್‌ಪೇಟೆಯ ಒಬ್ಬರಿಂದ ನಾನು ಕೊಂಡ ಸ್ಟ್ರಾಟ್‌ನ ಹೆಡ್‌ಸ್ಟಾಕ್ ಮೇಲೆ ಅಮೆರಿಕದ ಹೆಸರೂ ಝಡ್ ಅಕ್ಷರದ ನಂಬರೂ ಇದ್ದವು, ದುಡ್ಡು ಕೊಟ್ಟ ಮೇಲೆ ಮನೆಯಲ್ಲಿ ಬಿಚ್ಚಿದ್ದು ನನ್ನ ತಪ್ಪು. ಟೀಪಾಯಿಯ ಮೇಲೆ ಟವೆಲ್ ಹಾಸಿ, ತಂತಿಗಳನ್ನು ಸಡಿಲಿಸಿ, ಮುಂಭಾಗದ ಪ್ಲಾಸ್ಟಿಕ್ ಹಲಗೆಯಾದ ಪಿಕ್‌ಗಾರ್ಡ್‌ನ ಹನ್ನೊಂದು ಸ್ಕ್ರೂಗಳನ್ನು ಬಿಚ್ಚಿ ಅದನ್ನು ಮಗುಚಿದಾಗ, ಕಂಟ್ರೋಲ್ ಪಾಟ್‌ಗಳು (ಧ್ವನಿ ಹೆಚ್ಚಿಸಿ ಇಳಿಸುವ ಗುಂಡಿಗಳ ಕೆಳಗಿನ ಬಿಡಿಭಾಗಗಳು) ಐದು ರೂಪಾಯಿ ನಾಣ್ಯದಷ್ಟು ಅಗಲವಿರಬೇಕಾದಲ್ಲಿ ಹದಿನಾರು ಮಿಲಿಮೀಟರಿನ ಪುಟ್ಟ ಪಾಟ್‌ಗಳು ಕುಳಿತಿದ್ದವು. ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್‌ನ ಕೆಳಗಿನ ಲೋಹದ ಗಟ್ಟಿ ತೆಳುವಾಗಿತ್ತು, ಬಾಡಿಯ ದಪ್ಪ ಸ್ಟ್ರಾಟ್‌ಗೆ ಸಹಜವಾದ 45ರ ಬದಲು 40 ಮಿಲಿಮೀಟರ್ ಇತ್ತು. ಹೆಡ್‌ಸ್ಟಾಕ್‌ನ ಬೆನ್ನನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಮರಳು ಕಾಗದದ ಗೀರುಗಳು ಕಂಡವು. ಅದು ಸ್ಕ್ವಾಯರ್‌ನ ಅಗ್ಗದ ಮಾದರಿಗೆ ಬೇರೆ ಹೆಸರು ಅಂಟಿಸಿದ್ದು ಎಂಬ ತೀರ್ಮಾನಕ್ಕೆ ಬೇರೆ ದಾರಿ ಉಳಿಯಲಿಲ್ಲ.

ಆದ್ದರಿಂದ ಮಾರುವವರ ಎದುರಿಗೇ, ಅವರ ಒಪ್ಪಿಗೆ ಪಡೆದು, ಬಿಚ್ಚಿ ನೋಡಬೇಕು. ದೊಡ್ಡ ಪಾಟ್‌ನ ಬೆನ್ನಿನಲ್ಲಿ 1377633 ಎಂದಿದ್ದರೆ, 137 ಸಿಟಿಎಸ್ ಕಂಪನಿಯ ಸಂಕೇತ, ಉಳಿದದ್ದು 1976ರ 33ನೆಯ ವಾರ. ಗಿಟಾರ್ ಅದಕ್ಕಿಂತ ಹಿಂದಿನದಾಗಿರಲಾರದು, ಈಚಿನದಿರಬಹುದು, ಪಾಟ್ ಬದಲಾಗಿರದಿದ್ದರೆ. ನೆಕ್ ಬಿಚ್ಚಿದರೆ ಅದರ ಬುಡದಲ್ಲಿ ದಿನಾಂಕ ಬರೆದಿರುವುದೂ ಉಂಟು, ಆದರೆ ಮರದ ತೂತು ಸವೆಯುವುದರಿಂದ ಪದೇಪದೇ ಬಿಚ್ಚಬಾರದು. ಗಿಬ್ಸನ್‌ನಲ್ಲಿ ಹೆಡ್‌ಸ್ಟಾಕ್ ಮೇಲಿನ ಗಂಟೆಯಾಕಾರದ ಮುಚ್ಚಳಕ್ಕೆ ಸಾಮಾನ್ಯವಾಗಿ ಎರಡೇ ಸ್ಕ್ರೂ. ಗಿಬ್ಸನ್ ಎಂಬ ಹೆಸರಿದ್ದೂ ಮೂರು ಕಂಡರೆ ಎಚ್ಚರ ಬೇಕು.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. ಕೋಲ್ಕತ್ತದ ಗಿವ್ಸನ್ ಎಂಬುದು ಬೇರೆಯೇ ಕಂಪನಿ, ಅದನ್ನು ಗಿಬ್ಸನ್ ಎಂದು ಓದಿ ಹೆಚ್ಚು ಹಣ ಕೇಳುವವರಿದ್ದಾರೆ. ಹಾಗೆಂದು ಭಾರತದಲ್ಲಿ ತಯಾರಾದದ್ದೆಲ್ಲ ನಕಲು ಎನ್ನುವಂತಿಲ್ಲ, ಏಕೆಂದರೆ 1980ರ ದಶಕದ ಕೊನೆಯಲ್ಲಿ ಫೆಂಡರ್ ಕಂಪನಿಯೇ ಸ್ಕ್ವಾಯರ್ ಟೂ ಮತ್ತು ಸನ್ ಮಸ್ಟಾಂಗ್ ಗಿಟಾರುಗಳನ್ನು ಇಲ್ಲಿ ತಯಾರು ಮಾಡಿಸಿತ್ತು.

ನೋಡಿದ್ದನ್ನೆಲ್ಲ, ಅಳತೆ, ನಂಬರ್, ಪಾಟ್‌ನ ಅಂಕಿಗಳ ಸಮೇತ, ಒಂದು ಚೀಟಿಯಲ್ಲಿ ಬರೆದು ಗಿಟಾರಿನ ಚೀಲದಲ್ಲೇ ಇಡುವುದು ಒಳ್ಳೆಯದು. ಮುಂದೆ ಕೊಳ್ಳುವವರು ಆ ಹನ್ನೊಂದು ಸ್ಕ್ರೂಗಳನ್ನು ಮತ್ತೆ ಬಿಚ್ಚುವ ತೊಂದರೆ ತಪ್ಪುತ್ತದೆ.