ಆಫೀಸ್ ಮೇಲ್: ‘ಸೆಂಡ್’ ಒತ್ತುವ ಮುಂಚೆ

ವಿಳಾಸವನ್ನು ಕೊನೆಗೆ ತುಂಬಿ. ಮೊದಲು ಫೈಲ್ ಲಗತ್ತಿಸಿ, ವಿಷಯ ಬರೆದು, ಒಮ್ಮೆ ಓದಿ, ಆಮೇಲೆ ‘ಟು’ಗೆ ಬನ್ನಿ; ಅರ್ಧಂಬರ್ಧ ಮೇಲ್ ಕೈತಪ್ಪಿ ಹೋಗುವುದಿಲ್ಲ. ಕೆಲಸ ಮಾಡಬೇಕಾದವರು ‘ಟು’ನಲ್ಲಿ, ಸುಮ್ಮನೆ ಗೊತ್ತಿದ್ದರೆ ಸಾಕು ಎನ್ನುವವರು ‘ಸಿಸಿ’ಯಲ್ಲಿ.

ಸಬ್ಜೆಕ್ಟ್‌ನಲ್ಲಿ ಬರೀ ‘ಅರ್ಜೆಂಟ್’ ಎಂದರೆ ಯಾರಿಗೂ ಏನೂ ಗೊತ್ತಾಗದು. ‘ಮಾರ್ಚ್ ಬಿಲ್: ಶುಕ್ರವಾರ ಸಂಜೆ 4ರೊಳಗೆ ಒಪ್ಪಿಗೆ ಬೇಕು’ ಎಂದು ಬರೆಯಿರಿ. ಮೇಲ್ ತೆರೆಯದೆಯೇ ಅರ್ಧ ಕೆಲಸ ಮುಗಿಯಿತು.

ಜಿಮೇಲ್‌ನಲ್ಲಿ ಲಗತ್ತು 25 ಎಂಬಿ ದಾಟಿದರೆ ಗೂಗಲ್ ಡ್ರೈವ್ ಲಿಂಕ್ ಆಗಿ ಹೋಗುತ್ತದೆ. ಎದುರಿನವರಿಗೆ ಅನುಮತಿ ಕೊಟ್ಟಿದ್ದೀರಾ ನೋಡಿ. ಇಲ್ಲದಿದ್ದರೆ ‘ಫೈಲ್ ತೆರೀತಿಲ್ಲ’ ಎಂಬ ಉತ್ತರ ಗ್ಯಾರಂಟಿ. ಸೆಟ್ಟಿಂಗ್ಸ್‌ಗೆ ಹೋಗಿ ‘ಅನ್‌ಡೂ ಸೆಂಡ್’ (ಕಳಿಸಿದ ಮೇಲ್ ತಡೆಹಿಡಿಯುವ) ಅವಧಿಯನ್ನು 30 ಸೆಕೆಂಡ್‌ಗೆ ಏರಿಸಿಕೊಳ್ಳಿ.

‘ರಿಪ್ಲೈ ಆಲ್’ ಒತ್ತಿ ನಲವತ್ತು ಜನಕ್ಕೆ ‘ಓಕೆ ಸರ್’ ಕಳಿಸುವುದು ಮಾತ್ರ ದಯವಿಟ್ಟು ಬೇಡ.