ಮಣ್ಣಿನ ಪಾಠಕ್ಕೆ ಎರಡು ಹೆಂಟೆ, ಎರಡು ಲೋಟ ನೀರು

ಮಣ್ಣಿನ ಪಾಠವನ್ನು ಬೋರ್ಡಿನಿಂದ ಶುರು ಮಾಡಬೇಡಿ. ಮರದ ಬುಡದಿಂದ ಒಂದು ಹೆಂಟೆ, ಪದೇಪದೇ ಉತ್ತ ಜಾಗದಿಂದ ಅಷ್ಟೇ ದಪ್ಪದ ಇನ್ನೊಂದು ಹೆಂಟೆ ಮಕ್ಕಳಿಂದಲೇ ತರಿಸಿ. ಚೆನ್ನಾಗಿ ಒಣಗಿಸಿ, ಗಾಜಿನ ಲೋಟದ ನೀರಿಗೆ ಒಟ್ಟಿಗೇ ಇಳಿಸಿ. ಯಾವುದು ಮೊದಲು ಒಡೆಯುತ್ತೆ ಅಂತ ಮುಂಚೆಯೇ ಬರೆಸಿ. ಊಹೆ ಬರೆದ ಮಗು ಲೋಟದಿಂದ ಕಣ್ಣು ತೆಗೆಯಲ್ಲ. ನೀರು ಒಳಗೆ ನುಗ್ಗಿದಾಗ ಸಿಕ್ಕಿಕೊಂಡ ಗಾಳಿ ಹೆಂಟೆಯನ್ನು ಸೀಳುತ್ತದೆ, ಗುಳ್ಳೆ ಏಳುವುದು ಕಾಣುತ್ತದೆ. ಬೇರು, ಶಿಲೀಂಧ್ರದ ಎಳೆ, ಕೊಳೆತ ಎಲೆಯ ಅಂಟು ಇರುವ ಮಣ್ಣು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಉತ್ತದ್ದು ಬೇಗ ಪುಡಿಯಾಗಿ ತಳ ಸೇರುತ್ತದೆ. ಹೆಂಟೆ ಹಸಿಯಾಗಿದ್ದರೆ ವ್ಯತ್ಯಾಸ ಅಷ್ಟಾಗಿ ಕಾಣಲ್ಲ. ಮರಳು ಮಣ್ಣಲ್ಲಿ ಹೆಂಟೆಯೇ ಸಿಗಲ್ಲ. ಎರಡೂ ಒಂದೇ ಬಗೆಯ ಮಣ್ಣಾಗಿರಲಿ, ಇಲ್ಲದಿದ್ದರೆ ಜೇಡಿ ಜಾಸ್ತಿ ಇರುವುದೇ ಗೆದ್ದುಬಿಡಬಹುದು.